ಕಿವಿಗೆ ಹಾಕುವ ಸಾಮಾನು

ಕಿವಿಯ ಸಾಮಾನು ಆರಿಸುವ ಕೆಲಸಕ್ಕೆ ನನ್ನನ್ನು ಕರೆದದ್ದು ನನ್ನ ಕಿವಿ ಚುರುಕು ಅಂತಲ್ಲ, ನನ್ನ ಬಾಯಿ ಜೋರು ಅಂತ. ಚೇರ್ಮನ್ ತಿಪ್ಪಣ್ಣನೇ ನನ್ನ ಹಿಟ್ಟಿನ ಗಿರಣಿಯ ಬಾಗಿಲಲ್ಲಿ ನಿಂತು ಅದನ್ನು ಹೇಳಿದ.

"ಸಿದ್ದಕ್ಕ, ಸದ್ದು ಹೆಂಗೈತೆ ಅಂತ ನೋಡೋಕೆ ಶೇಷಗಿರಿ ಮೇಷ್ಟ್ರು ಅವ್ರೆ. ಕಿವಿ ನೋಯುತ್ತೋ ಇಲ್ವೋ ಅಂತ ಹೇಳೋಕೆ ಒಬ್ರು ಬೇಕು. ನೋವಾದ್ರೆ ನೀನು ಸುಮ್ನಿರೋಳಲ್ಲ."

"ನೋವಾಗದಿದ್ರೂ ಸುಮ್ನಿರಲ್ಲ" ಅಂದೆ.

"ಅದೂ ಊರಿಗೇ ಗೊತ್ತೈತೆ ಬಿಡು" ಅಂದು ಅಂಗಿಯ ಮೇಲಿನ ಹಿಟ್ಟು ಕೊಡವಿಕೊಂಡು ಹೋದ.

ನಮ್ಮ ಊರಿನ ಪಡುವಲಿಗೆ ಒಂದು ಬಂಡೆ ಇದೆ. ದಿನವೆಲ್ಲ ಊರಲ್ಲಿ ಆದ ಸದ್ದನ್ನು ಅದು ಇಟ್ಟುಕೊಂಡಿದ್ದು, ಸಂಜೆ ದನ ಮನೆಗೆ ಬಂದ ಮೇಲೆ ವಾಪಸು ಕೊಡುತ್ತದೆ. ಬೆಳಗಿನದೂ ಮಧ್ಯಾಹ್ನದ್ದೂ ಒಂದರ ಮೇಲೊಂದು ಬಿದ್ದು, ಒಂದು ಗಡಿಗೆ ಅನ್ನ ಬೇಯುವಷ್ಟು ಹೊತ್ತಿನಲ್ಲಿ ಎಲ್ಲವೂ ಬಂದು ಮುಗಿಯುತ್ತದೆ. ನಾವು ಅದನ್ನು ವಾಪಸು ಅಂತಲೇ ಕರೆಯುತ್ತೇವೆ. ವಾಪಸಿನ ಹೊತ್ತಿಗೆ ಕಿವಿ ಬಿಟ್ಟುಕೊಂಡು ಹೊರಗೆ ನಿಂತವನ ಕಿವಿ ಉಳಿಯುವುದಿಲ್ಲ. ಅದಕ್ಕೆ ಊರಿನವರೆಲ್ಲ ಇಯರ್‌ಫೋನ್ ಹಾಕಿಕೊಂಡು ಜಗಲಿಯ ಮೇಲೆ ಕೂರುತ್ತೇವೆ. ದನದ ಕಿವಿಗೆ ಹತ್ತಿ ತುರುಕುತ್ತೇವೆ. ಕಿಟಕಿಗೆ ಗಾಜು ಹಾಕುವುದಿಲ್ಲ. ಮದುವೆಯ ವಾಲಗ ಸೇತುವೆಯ ಆಚೆಗೆ ಮುಗಿಸಿ ಬರುತ್ತೇವೆ, ಬಂಡೆಗೆ ಸೇತುವೆಯ ಆಚೆಯ ಸದ್ದು ಸಿಗುವುದಿಲ್ಲ. ಗಂಡ ಹೆಂಡತಿ ಮಟಮಟ ಮಧ್ಯಾಹ್ನ ಸೇತುವೆ ಕಡೆ ನಡೆದರೆ, ಮನೆಯಲ್ಲಿ ಏನೋ ಬಿಸಿಯಾಗಿದೆ ಅಂತ ನೆರೆಯವರು ತಿಳಿಯುತ್ತಾರೆ. ಹೊಸ ಸೊಸೆ ಬಂದರೆ ಮೊದಲು ಅವಳ ಕಿವಿಗೆ ಸಾಮಾನು ಕೊಟ್ಟು, ಆಮೇಲೆ ಹೊಸ್ತಿಲಿನ ಅಕ್ಕಿ ಸೇರು ಒದೆಸುತ್ತೇವೆ.

ಈ ಸಾಮಾನುಗಳನ್ನು ಹೊರಗಿನಿಂದ ತಂದು ಕೊಡುವವನು ದಾದಾಪೀರ್. ಮೊದಲ ಸಲ ಬಂದಾಗ ಅವನು ಕೇಳಿದ್ದ: "ಅಷ್ಟು ಕಷ್ಟ ಯಾಕಮ್ಮ? ಪೂರ್ತಿ ಮುಚ್ಕೊಳ್ಳೋ ಬಿರಡೆ ಕೊಡ್ತೀನಿ. ಕೇಳೋದೇ ಬೇಡ."

"ನಿಮ್ಮೂರಲ್ಲಿ ಕನ್ನಡಿ ಇಲ್ವೇನಯ್ಯ?" ಅಂದಿದ್ದೆ ನಾನು. "ಬೆಳಗ್ಗೆ ಎದ್ದು ಮುಖ ನೋಡ್ಕೊಳ್ಳಲ್ವಾ? ನಮಗೆ ನಮ್ಮ ಮಾತು ಬೇಡ್ವಾ?"

ಅಂದಿನಿಂದ ಅವನು ತರುವುದು ಇಯರ್‌ಫೋನನ್ನೇ. ಹೊರಗಿನ ಸದ್ದು ಎಷ್ಟೇ ಇದ್ದರೂ ಕಿವಿ ತಡೆಯುವಷ್ಟನ್ನು ಮಾತ್ರ ಒಳಗೆ ಬಿಡುತ್ತದೆ. ಊರಿಗೆಲ್ಲ ಒಂದೇ ಥರದ್ದು. ಇದು ಹಿಂದಿನಿಂದ ಬಂದ ಕಟ್ಟು. ಒಬ್ಬನಿಗೆ ಕೇಳಿದ್ದು ಇನ್ನೊಬ್ಬನಿಗೆ ಕೇಳದೆ ಹೋದರೆ ಊರು ನೆಮ್ಮದಿಯಾಗಿ ಇರುವುದಿಲ್ಲ. ಹಳೆಯವು ಕೆಟ್ಟಾಗ ಇಬ್ಬರು ಪರೀಕ್ಷೆಗೆ ಕೂರುತ್ತಾರೆ, ಒಬ್ಬರು ಸದ್ದಿಗೆ, ಒಬ್ಬರು ಸುಖಕ್ಕೆ. ವಾಪಸು ಮುಗಿದ ಕೂಡಲೇ ಚಾವಡಿ ಕಟ್ಟೆಯ ಮೇಲೆ ಇಬ್ಬರೂ ಒಂದೇ ಹೆಸರು ಹೇಳಬೇಕು. ಹೇಳದಿದ್ದರೆ ಹಳೆಯದೇ ಗತಿ.

ಆ ಹಳೆಯದು ನನ್ನ ಮನೆಗೆ ಶನಿಯಾಗಿತ್ತು. ಗಂಡನ ಹೆಸರು ಹೇಳಬಾರದು ಅನ್ನುತ್ತಾರೆ, ನಾನು ಹೇಳುತ್ತೇನೆ, ಓಬಳಪ್ಪ. ಪಂಪಿನ ಮೋಟರು ರಿಪೇರಿ ಮಾಡುವವನು. ಓಡುವ ಮೋಟರಿಗೆ ಸ್ಕ್ರೂಡ್ರೈವರಿನ ತುದಿ ಇಟ್ಟು, ಹಿಡಿಯನ್ನು ಕಿವಿಗೆ ಆನಿಸಿ, ಬೇರಿಂಗು ಸವೆದಿದೆಯೋ ಇಲ್ಲವೋ ಹೇಳುತ್ತಾನೆ. ಅವನ ಕಿವಿಯ ತೂತು ಕಿರಿದು. ಹಳೆಯ ಇಯರ್‌ಫೋನಿನ ಗಟ್ಟಿ ಪ್ಲಾಸ್ಟಿಕ್ಕು ಒಳಗೆ ಕೂತರೆ ನೋವು. ನೋವು ಅಂತ ಬಾಯಿಬಿಟ್ಟು ಹೇಳುವ ಜಾತಿಯಲ್ಲ ಅವನು. "ಪರವಾಗಿಲ್ಲ" ಅನ್ನುತ್ತಿದ್ದ, ಜಗಲಿಯ ಮೂಲೆಗೆ ಹೋಗಿ ಕೂರುತ್ತಿದ್ದ, ನನ್ನ ಕಣ್ಣು ತಪ್ಪಿಸಿ ಸಡಿಲ ಮಾಡಿಕೊಳ್ಳುತ್ತಿದ್ದ. ಹೀಗೆ ಬಲಗಿವಿ ಹೋಯಿತು. ಈಗ ಸ್ಕ್ರೂಡ್ರೈವರನ್ನು ಎಡಗಿವಿಗೇ ಇಡುತ್ತಾನೆ. ಅದೂ ಹೋದರೆ ಅವನು ಕೈಕಟ್ಟಿ ಮನೆಯಲ್ಲಿ ಕೂರಬೇಕು. ಕೂರುವುದು ಹಾಗಿರಲಿ, ನನ್ನ ಮಾತು ಯಾರಿಗೆ ಕೇಳಬೇಕು? ಅವನಿಗೆ ಕೇಳಲಿ ಅಂತಲೇ ನಾನು ಇಷ್ಟು ವರ್ಷ ಗಂಟಲು ಹರಿದುಕೊಂಡದ್ದು. ಅವನಿಗೋ ಕೇಳುತ್ತಿರಲಿಲ್ಲ, ಉತ್ತರವೇ ಬರುತ್ತಿರಲಿಲ್ಲ. ಹಾಗಂತ ನಾನು ತಿಳಿದಿದ್ದೆ.

ದಾದಾಪೀರ್ ಈ ಸಲ ಎರಡು ಬಗೆ ತಂದಿದ್ದ, ಒಂದೊಂದರಲ್ಲಿ ಎರಡೆರಡು ಜೊತೆ. ಒಂದು ಕರಿಯದು, ಅವರೆಕಾಳಿನಷ್ಟು, ಕಿವಿಯ ತೂತಿನೊಳಗೆ ಕೂರುವಂಥದ್ದು, ತುದಿಗೆ ರಬ್ಬರು. ಇನ್ನೊಂದು ಬೂದು ಬಣ್ಣದ್ದು, ತಲೆಯ ಮೇಲೆ ಒಂದು ಪಟ್ಟಿ, ಎರಡು ಕಡೆ ಎರಡು ಬಟ್ಟಲು, ಇಡೀ ಕಿವಿಯನ್ನೇ ಮುಚ್ಚುತ್ತದೆ. ಕಟ್ಟೆಯ ಮೇಲೆ ಟವೆಲು ಹಾಸಿ ಎರಡನ್ನೂ ಇಟ್ಟು ಹೇಳಿದ: "ಕರಿದರಲ್ಲಿ ಸದ್ದು ಎಂಥಾದ್ದು ಅಂದ್ರೆ, ಗುಂಪಿನಲ್ಲಿ ಒಬ್ಬ ಪಿಸುಗುಟ್ಟಿದ್ರೂ ಬೇರೆ ಮಾಡಿ ಕೇಳಿಸುತ್ತೆ. ಬೂದು ಅಷ್ಟಿಲ್ಲ. ಆದ್ರೆ ಎರಡೂ ಕಿವಿ ಕಾಯ್ತವೆ, ಅದಕ್ಕೆ ನಾನು ಜವಾಬ್ದಾರಿ." ಸುಳ್ಳು ಹೇಳುವವನಲ್ಲ ಅವನು. ಇನ್ನೂ ಒಂದು ಮಾತು ಸೇರಿಸಿದ: "ಹೊರಗೆ ಸದ್ದು ಏರಿದ ಹಾಗೆ ಕರಿದನ್ನ ಒಳಕ್ಕೆ ತಿರುಗಿಸ್ಕೋಬೇಕು. ಇಲ್ಲಾಂದ್ರೆ ಸಂದಿಯಿಂದ ನುಗ್ಗುತ್ತೆ."

ಪಿಸುಗುಟ್ಟಿದರೂ ಕೇಳಿಸುತ್ತದೆ ಅನ್ನುವ ಮಾತು ಕಾಫಿ ಆರುವುದರೊಳಗೆ ಊರೆಲ್ಲ ಸುತ್ತಿತು. ಮಾರನೆಯ ದಿನ ಪರೀಕ್ಷೆ.

ಆ ದಿನ ಊರಿಗೆ ಏನಾಗಿದೆ ಅಂತ ನನಗೆ ಮೊದಲು ತಿಳಿಯಲಿಲ್ಲ. ಗಿರಣಿ ಓಡುವಾಗ ಗಿರಾಕಿಗಳು ಕೈಸನ್ನೆ ಮಾಡುವುದು ಇದ್ದದ್ದೇ. ಆದರೆ ಬೆಲ್ಟು ಹರಿದು ಗಿರಣಿ ನಿಂತ ಮೇಲೂ ದ್ಯಾವೀರಕ್ಕ, ನಮ್ಮ ಪಕ್ಕದ ಮನೆಯವಳು, ರಾಗಿ ಚೀಲ ತೋರಿಸಿ ಎರಡು ಬೆರಳು ಉಜ್ಜಿ ನುಣ್ಣಗೆ ಅಂತ ಸನ್ನೆ ಮಾಡಿದಳು.

"ಯಾಕೇ, ನಾಲಿಗೆ ಬಿದ್ದೋಯ್ತಾ?" ಅಂದೆ.

ಅವಳು ಬಂಡೆಯ ಕಡೆ ಕೈ ತೋರಿಸಿ ಬಾಯಿ ಮೇಲೆ ಬೆರಳಿಟ್ಟಳು. ಹೊರಗೆ ಬಂದು ನೋಡಿದರೆ ಬೀದಿಯಲ್ಲಿ ಯಾರ ಬಾಯೂ ಇಲ್ಲ. ಸೊಪ್ಪಿನವಳು ಕೂಗದೆ ಬುಟ್ಟಿ ಹೊತ್ತು ಮನೆಮನೆ ಮುಂದೆ ನಿಲ್ಲುತ್ತಿದ್ದಳು. ಶಾಲೆಯಲ್ಲಿ ಮಗ್ಗಿ ಇಲ್ಲ. ನಲ್ಲಿಯ ಹತ್ತಿರ ಹೆಂಗಸರು ಕೊಡ ತಾಗದಂತೆ ಸೆರಗು ಸುತ್ತಿ ಹಿಡಿದಿದ್ದರು. ನನಗೆ ಮೈ ಉರಿಯಿತು. ಒಂದು ದಿನ ಬಾಯಿ ಮುಚ್ಚಿದರೆ ಇವರೆಲ್ಲ ಒಳ್ಳೆಯವರಾಗಿಬಿಡುತ್ತಾರಾ? ನಾನಂತೂ ಎಂದಿನಂತೆ ಇದ್ದೆ. ಬೆಲ್ಟು ಹರಿದ ದಿನ ನಾನು ಎಂದಿನಂತೆ ಇದ್ದರೆ ಹೇಗಿರುತ್ತೇನೆ ಅಂತ ಓಬಳಪ್ಪನನ್ನು ಕೇಳಬೇಕು.

ಸಂಜೆ ಕಟ್ಟೆಯ ಮೇಲೆ ನಾನು, ಶೇಷಗಿರಿ ಮೇಷ್ಟ್ರು. ಮೇಷ್ಟ್ರು ಹಾರ್ಮೋನಿಯಂ ಹೇಳಿಕೊಡುವವರು, ಒಳ್ಳೆಯ ಮನುಷ್ಯ, ಅಪಸ್ವರ ಕೇಳಿದರೆ ಮಾತ್ರ ಹಲ್ಲುನೋವು ಬಂದವರ ಹಾಗೆ ಮುಖ ಮಾಡುತ್ತಾರೆ. ಕೆಳಗೆ ಊರಿನವರು ಹಳೆಯದನ್ನೇ ಹಾಕಿಕೊಂಡು ಕೂತಿದ್ದರು. ಮೊದಲ ಅರ್ಧ ಬೂದು, ಆಮೇಲೆ ಕರಿದು, ಬದಲಾಯಿಸುವಾಗ ಅಂಗೈ ಒತ್ತಿಕೊಳ್ಳಬೇಕು, ಇದು ಪರೀಕ್ಷೆಯ ಕ್ರಮ.

ಬೂದು ಹಾಕಿಕೊಂಡೆ. ಪಟ್ಟಿ ನನ್ನ ತುರುಬಿಗೆ ಸಿಕ್ಕಿತು, ತುರುಬು ಕೆಳಗಿಳಿಸಿ ಕಟ್ಟಿದೆ. ಬಟ್ಟಲಿನ ಅಂಚಿನ ಮೆತ್ತೆ ಓಲೆಯನ್ನು ಒತ್ತಬಹುದು ಅಂದುಕೊಂಡರೆ, ಅಲ್ಲಿ ಒಂದು ಗುಳಿ ಬಿಟ್ಟಿದ್ದಾರೆ. ಸ್ವಲ್ಪ ಸೆಕೆ. ಕಿವಿ ಮಾತ್ರ ಹಾಸಿಗೆಯ ಮೇಲೆ ಮಲಗಿದ ಹಾಗೆ ಇತ್ತು. ವಾಪಸು ಬಂತು. ಯಾರೋ ಪಕ್ಕದ ಮನೆಯಲ್ಲಿ ಕಂಬಳಿ ಹೊದ್ದು ಮಾತಾಡಿದ ಹಾಗೆ. ಬೀದಿಯ ನಾಯಿ, ಯಾರದೋ ಕೆಮ್ಮು, ಒಂದು ಕುಕ್ಕರಿನ ಸೀಟಿ, ಗಿರಣಿ, ಮಿಕ್ಕಿದ್ದೆಲ್ಲ ನಾನು. ಊರಿಗೆ ಊರೇ ಸುಮ್ಮನಿದ್ದುದರಿಂದ ಬಂಡೆ ನನ್ನೊಬ್ಬಳನ್ನೇ ವಾಪಸು ಕೊಡುತ್ತಿತ್ತು. ಕೆಳಗೆ ಕೂತವರು ಸೆರಗಿನಲ್ಲಿ ಮುಖ ಮುಚ್ಚಿ ನಗುತ್ತಿದ್ದರು. ನಗಲಿ.

ಅಂಗೈ ಒತ್ತಿ ಕರಿದಕ್ಕೆ ಬದಲಾಯಿಸಿದೆ. ಸದ್ದು ಕಡಿಮೆ ಇದ್ದುದರಿಂದ ಒಳಕ್ಕೆ ತಿರುಗಿಸುವುದೇ ಬೇಕಾಗಲಿಲ್ಲ, ಹೊರತುದಿಯಲ್ಲೇ ನಿಂತಿತು. ದೇವರೇ, ಎಂಥ ಸದ್ದು ಅದು! ಕುಕ್ಕರಿನ ಸೀಟಿಯ ಜೊತೆ ಅದರ ಮುಚ್ಚಳ ನಡುಗುವುದೂ ಕೇಳಿತು. ಗಿರಣಿಯ ಕಲ್ಲಿನೊಳಗೆ ಒಂದೊಂದು ಕಾಳು ಸಿಡಿಯುವುದು ಕೇಳಿತು. ಆಮೇಲೆ ನನ್ನ ಕೂಗು.

"ಹಳೇ ಬೆಲ್ಟು ಎಲ್ಲಿಟ್ಟೆ? ಎಲ್ಲಿಟ್ಟೆ ಅಂದೆ?"

ಅದರ ಅಡಿಯಲ್ಲೇ, ಮೆತ್ತಗೆ, ಇನ್ನೊಂದು ದನಿ: "ನಿನ್ನ ಕಾಲ ಕೆಳಗೇ ಐತೆ ಕಣೇ."

ಯಾರಿದು ಅಂತ ನಾನು ಬೆಚ್ಚಿದೆ.

"ಕಿವಿ ಸತ್ತೋಗೈತಾ ನಿಂಗೆ?" ಅಂತ ನನ್ನ ಕೂಗು.

"ಒಂದು ಸತ್ತೈತೆ. ಇನ್ನೊಂದನ್ನ ನೀನು ಸಾಯಿಸ್ತಿದೀಯ."

"ಉಂಡಿದೀಯೋ ಇಲ್ವೋ, ಅದನ್ನಾದ್ರೂ ಬೊಗಳು!"

"ಉಂಡೆ. ನೀನೂ ಉಣ್ಣೇ ಸಿದ್ದಿ, ಬೆಳಗ್ಗಿಂದ ಬರೀ ಕಾಫಿ ಕುಡ್ಕೊಂಡು ಇದೀಯ."

ಓಬಳಪ್ಪ. ಉತ್ತರ ಕೊಡುತ್ತಲೇ ಇದ್ದ. ನಾನು ಕೂಗಿದ ಒಂದೊಂದಕ್ಕೂ ಅವನು ತನ್ನಷ್ಟಕ್ಕೆ ತಾನು ಉತ್ತರ ಹೇಳಿದ್ದಾನೆ. ಗಿರಣಿಯಲ್ಲಿ ಬೆಂದ ನನ್ನ ಕಿವಿಗೆ ಸಣ್ಣ ದನಿ ಬೀಳುವುದನ್ನು ಬಿಟ್ಟು ಯಾವ ಕಾಲವಾಗಿತ್ತೋ. ಪಕ್ಕದಲ್ಲಿ ಮೇಷ್ಟ್ರಿಗೂ ಅದೆಲ್ಲ ಕೇಳಿತ್ತು. ಅವರು ನನ್ನ ಕಡೆ ಒಮ್ಮೆ ನೋಡಿ, ಮರ್ಯಾದಸ್ಥರು, ನೆಲ ನೋಡಿದರು.

ವಾಪಸು ಮುಗಿಯಿತು. ತಿಪ್ಪಣ್ಣ ಕೇಳಿದ. ಮೇಷ್ಟ್ರು ಎದ್ದೇ ನಿಂತರು. "ಕರಿದು. ಇದರಲ್ಲಿ ಎರಡನೇ ಮಾತೇ ಇಲ್ಲ. ನನ್ನ ಶಿಷ್ಯರು ಹಾಡಿದ್ದು ದಿನಾ ಸಂಜೆ ತಗಡಿನ ಡಬ್ಬಿಯಲ್ಲಿ ಜೋಳ ಅಲ್ಲಾಡಿಸಿದ ಹಾಗೆ ಕೇಳಿಸ್ಕೊಂಡಿದೀನಿ. ನಾನು ಸಾಯೋದರೊಳಗೆ ಒಂದು ಸಲ ಸ್ವರವಾಗಿ ಕೇಳಬೇಕು."

ಎಲ್ಲರೂ ನನ್ನನ್ನು ನೋಡಿದರು. ಕರಿದು ಅನ್ನುವುದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ದಿನಾ ಸಂಜೆ ಆ ದನಿ ಕೇಳುವುದು ಅಂದರೆ ಸಣ್ಣ ವಿಷಯವಾ? ಆದರೆ ಕೆಳಗೆ, ಜನರ ಅಂಚಿನಲ್ಲಿ, ಓಬಳಪ್ಪ ಹಳೆಯದನ್ನು ಕಿತ್ತು ಎಡಗಿವಿ ಉಜ್ಜಿಕೊಳ್ಳುತ್ತಿದ್ದ.

"ಇಲ್ಲಿ ಬಾ" ಅಂದೆ. ಬಂದ. ಕರಿದನ್ನು ಅವನ ಕೈಗೆ ಕೊಟ್ಟೆ. "ಹಾಕ್ಕೋ. ಇವತ್ತಿನ ಲೆಕ್ಕಕ್ಕಲ್ಲ, ದಿನದ ವಾಪಸಿಗೆ ಹಾಕ್ಕೊಂಡ ಹಾಗೆ, ಒಳಕ್ಕೆ ತಿರುಗ್ಸು."

ತಿರುಗಿಸಿದ. ಅವನ ಕಣ್ಣಿನ ಕೆಳಗೆ ಒಂದು ನರ ಎಳೆದುಕೊಂಡಿತು.

"ಹೆಂಗೈತೆ?"

ಅವನ ತುಟಿ ಆಡಿತು. ನನಗೆ ಕೇಳಲಿಲ್ಲ. ಮೇಷ್ಟ್ರು ಹೇಳಿದರು: "ಪರವಾಗಿಲ್ಲ ಅಂತಿದಾನೆ ಸಿದ್ದಮ್ಮ. ನಿಂಗೆ ಚೆನ್ನಾಗಿ ಕೇಳುತ್ತಲ್ಲ, ಅದೇ ಇರಲಿ ಅಂತಿದಾನೆ."

ಆ ಪರವಾಗಿಲ್ಲ ಅನ್ನುವ ಮಾತಿನಿಂದಲೇ ಅವನ ಬಲಗಿವಿ ಹೋದದ್ದು. ನನಗೆ ಸಿಟ್ಟು ನೆತ್ತಿಗೇರಿತು.

"ಇವತ್ತು ನಡೆದಿದ್ದು ಪರೀಕ್ಷೆನೇ ಅಲ್ಲ" ಅಂದೆ. "ಊರೆಲ್ಲ ಬಾಯಿಗೆ ಬೀಗ ಹಾಕ್ಕೊಂಡು ಬಂಡೆಗೆ ಏನು ಕೊಟ್ಟಿದೀರಿ? ಒಂದು ನಾಯಿ, ಒಂದು ಕುಕ್ಕರು, ನಾನು. ಇಷ್ಟು ಸದ್ದಿಗೆ ಕಿವಿಗೆ ವೀಳ್ಯದೆಲೆ ಇಟ್ಕೊಂಡ್ರೂ ನಡೆಯುತ್ತೆ. ಊರು ಊರಾಗಿದ್ದ ದಿನ ಹಾಕ್ಕೊಂಡು ನೋಡ್ಬೇಕು."

"ಸಿದ್ದಕ್ಕ, ಆ ಸಾಬರು ನಾಡಿದ್ದು ಬೆಳಗ್ಗೆ ಬಸ್ಸಿಗೆ ಹೊರಡ್ತಾರೆ" ಅಂದ ತಿಪ್ಪಣ್ಣ.

"ಹಾಗಾದ್ರೆ ನಾಳೆ ಸಂಜೆ ಐತಲ್ಲ."

"ನಾಳೆನೂ ಜನ ಮಾತಾಡಲ್ಲ ಬಿಡು. ಯಾರ ಮನೆ ಮಾತು ಯಾರಿಗೆ ಕೇಳಿಸ್ಬೇಕು ಹೇಳು?"

"ಮಾತಾಡಿಸೋದು ನನಗೆ ಬಿಡು" ಅಂದೆ.

ಮೇಷ್ಟ್ರಿಗೆ ಬೇಜಾರಾಯಿತು. "ಹಟ ಮಾಡಬೇಡ ಸಿದ್ದಮ್ಮ. ಇಬ್ಬರೂ ಒಪ್ಪದಿದ್ದರೆ ಹಳೆಯದೇ ಉಳಿಯುತ್ತೆ. ಅದರಿಂದ ನಿನ್ನ ಗಂಡನಿಗೇ ಕಷ್ಟ."

ಗೊತ್ತಿತ್ತು. ಆದರೂ ಹೂಂ ಅನ್ನಲಿಲ್ಲ.

ಬೆಳಕು ಹರಿಯುತ್ತಲೇ ಹಳೇ ಬೆಲ್ಟು ಹಾಕಿ ಕಾಳಿಲ್ಲದ ಗಿರಣಿಯನ್ನು ಓಡಿಸಿದೆ. ಕಲ್ಲಿಗೆ ಕಲ್ಲು ತಾಗುವ ಸದ್ದು ಹಲ್ಲಿನ ಬುಡಕ್ಕೆ ಹೋಗುತ್ತದೆ. ಅದನ್ನು ಹಾಗೇ ಬಿಟ್ಟು ನಲ್ಲಿಗೆ ಹೋದೆ. ದ್ಯಾವೀರಕ್ಕನ ಕೊಡವನ್ನು ಸರಿಸಿ ನನ್ನದಿಟ್ಟೆ. ಅವಳು ಬೆರಳು ತೋರಿಸಿ ಕಣ್ಣು ಬಿಟ್ಟಳು, ಅಷ್ಟೆ.

"ಏನ್ ನೋಡ್ತೀಯೇ? ನಿಮ್ಮತ್ತೆ ಕಾಲದಿಂದ ನಿಮ್ಮ ಮನೇರು ಸರದಿ ಮುರಿಯೋರೇ. ನನ್ನ ಹಸಿಮೆಣಸಿನಕಾಯಿ ಗಿಡ ಬೇಲಿ ಸಂದಿಲಿ ಬೋಳಾಗಿದ್ದು ಯಾರ ಕೈಯಿಂದ ಅಂತ ನಂಗೊತ್ತಿಲ್ವಾ?"

ಅವಳ ಮೂಗಿನ ಹೊಳ್ಳೆ ಅರಳಿತು. ಆದರೂ ತುಟಿ ಬಿಚ್ಚಲಿಲ್ಲ. ಇವಳಿಗೇ ಬಾಯಿ ಬರಲಿಲ್ಲವಲ್ಲ, ಊರಿಗೆ ಹೇಗೆ ತರಲಿ ಅಂದುಕೊಂಡೆ. ನಾನು ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ ಹೋಗಿದ್ದೆ, ಹಿಂದಿನಿಂದ ಸಿಡಿಲು ಬಿದ್ದ ಹಾಗೆ ಬಂತು:

"ಬಾರೇ ಗಿರಣಿ ಸಿದ್ದಿ! ಮೆಣಸಿನಕಾಯಿ ಅಂತೆ! ನನ್ನ ರಾಗಿಲಿ ಮರಳು ಬೆರೆಸಿದೋಳು ನೀನು! ನಿನ್ನ ಹಿಟ್ಟು ತಿಂದು ನಮ್ಮ ಮಾವನ ಹಲ್ಲು ಉದುರಿದ್ವು!"

"ನಿಮ್ಮ ಮಾವನಿಗೆ ಹಲ್ಲು ಇದ್ದಿದ್ದು ಯಾವಾಗೇ?"

ನಲ್ಲಿಯಲ್ಲಿದ್ದವರೆಲ್ಲ ಎರಡು ಪಂಗಡವಾದರು. ಅಲ್ಲಿಂದ ನಾನು ಶಾಲೆಗೆ ಹೋಗಿ, ಮಗ್ಗಿ ಬರದ ಕತ್ತೆಗಳಾ ಅಂದು ಬಂದೆ, ನಾನು ಬೀದಿ ದಾಟುವುದರೊಳಗೆ ಇಡೀ ಶಾಲೆ ಮಗ್ಗಿ ಕಿರುಚುತ್ತಿತ್ತು. ತಿಪ್ಪಣ್ಣನ ಮನೆಯ ಮುಂದೆ ನಿಂತು ಅವನು ಚೇರ್ಮನ್ ಆದ ಮೇಲೆ ಮೋರಿಗೆ ಏನಾಗಿದೆ ಅಂತ ಕೇಳಿದೆ. ಅವನು ಕಿಟಕಿಯಿಂದ, ಅವನ ಹೆಂಡತಿ ಹಿತ್ತಿಲಿನಿಂದ, ಇಬ್ಬರೂ ನನಗೆ ಬಾಯಿಗೆ ಬಂದದ್ದು ಅಂದರು. ಮಧ್ಯಾಹ್ನದ ಹೊತ್ತಿಗೆ ನಾನು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಹಳೆಯ ಜಗಳಗಳು ತಾವೇ ಎದ್ದು ಬಂದಿದ್ದವು. ಬಡಗಿ ಗುಂಡಾಚಾರಿ ಬೆಳಗ್ಗಿನಿಂದ ಬರೀ ಹಲಗೆಗೆ ಮೊಳೆ ಹೊಡೆಯುತ್ತಿದ್ದ. ನಾನು ಅಂದುಕೊಂಡದ್ದಕ್ಕಿಂತ ಬೇಗ ಊರು ಊರಾಗಿತ್ತು. ಇವರಿಗೆ ಇಷ್ಟು ಕಿಚ್ಚು ಇತ್ತಾ ಅಂತ ನನಗೇ ಆಶ್ಚರ್ಯ. ಓಬಳಪ್ಪ ಬೆಳಗ್ಗಿನಿಂದ ನೀರಿನ ಚೊಂಬು ಹಿಡಿದು ನನ್ನ ಹಿಂದೆಯೇ ಇದ್ದ. ಗಂಟಲು ಕಟ್ಟಿದಾಗ ಕೊಡುತ್ತಿದ್ದ. ನಾನು ಕುಡಿದು ಮುಂದಿನ ಮನೆಗೆ ಹೋಗುತ್ತಿದ್ದೆ.

ಸಂಜೆ. ಈ ಸಲ ಬದಲಾಯಿಸುವುದು ಬೇಡ, ಅಂಥ ಸದ್ದಿನಲ್ಲಿ ಅಂಗೈ ಸಾಲುವುದಿಲ್ಲ ಅಂತ ತೀರ್ಮಾನವಾಯಿತು. ನಾನೂ ಮೇಷ್ಟ್ರೂ ಕರಿದು ಹಾಕಿಕೊಂಡೆವು. ಬೂದನ್ನು ಓಬಳಪ್ಪನ ತಲೆಗೆ ನಾನೇ ಹಾಕಿದೆ. ರುಮಾಲು ಬಿಚ್ಚಿಸಿ, ಬಟ್ಟಲು ಸರಿಯಾಗಿ ಕೂತಿದೆಯಾ ಅಂತ ಸುತ್ತ ಬೆರಳಾಡಿಸಿ ನೋಡಿ, ಕಟ್ಟೆಯ ಕಂಬಕ್ಕೆ ಒರಗಿಸಿ ಕೂರಿಸಿದೆ.

ಅಂಥ ವಾಪಸನ್ನು ಊರು ನೋಡಿರಲಿಲ್ಲ. ಹೆಂಚುಗಳು ಕಿಟಕಿಟ ಅಂದವು, ಹುಣಿಸೆಮರದ ಒಣ ಎಲೆ ಎಲ್ಲ ಉದುರಿತು. ಕಿವಿಯೊಳಗಿನ ಕರಿದನ್ನು ತಿರುಗಿಸಿದೆ, ಸಾಲಲಿಲ್ಲ. ಮತ್ತೆ ತಿರುಗಿಸಿದೆ. ರಬ್ಬರು ಒಳಗೆ ಹೋಗಿ ಕಿವಿಯ ಗೋಡೆಗೆ ಕಚ್ಚಿಕೊಂಡಿತು. ನೋವು ದವಡೆಗೆ ಇಳಿಯಿತು, ಎಂಜಲು ನುಂಗಿದರೆ ಕಣ್ಣಲ್ಲಿ ನೀರು. ಕಿತ್ತು ಬಿಸಾಡಬೇಕು ಅಂತ ಕೈ ತಾನಾಗಿ ಏಳುತ್ತಿತ್ತು, ಇನ್ನೊಂದು ಕೈಯಲ್ಲಿ ಅದನ್ನು ಹಿಡಿದುಕೊಂಡೆ. ಮೇಷ್ಟ್ರು ಪಂಚೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿದ್ದರು, ಕೆನ್ನೆ ಒದ್ದೆಯಾಗಿತ್ತು, ನೋವಿಗೋ ಸ್ವರಕ್ಕೋ ಹೇಳಲಾರೆ.

ಆದರೆ ಸದ್ದು! ಆ ಗಲಾಟೆಯಲ್ಲೂ ಒಬ್ಬೊಬ್ಬರು ಬೇರೆ ಬೇರೆಯಾಗಿ ನಿಂತಿದ್ದರು, ಸೀರೆಯ ಅಂಚಿನಲ್ಲಿ ಎಳೆ ಕಾಣುವ ಹಾಗೆ. ನನ್ನ ಮನಸ್ಸು ಒಂದೇ ಎಳೆಯನ್ನು ಹುಡುಕುತ್ತಿತ್ತು, ಸಿಕ್ಕಿತು. ನಲ್ಲಿಯ ಹತ್ತಿರ ನಾನು ಬೆನ್ನು ತಿರುಗಿಸಿದ ಗಳಿಗೆ. ಓಬಳಪ್ಪನ ದನಿ:

"ದ್ಯಾವೀರಕ್ಕ, ಬೇಜಾರ್ ಮಾಡ್ಕೋಬೇಡ ಕಣಕ್ಕ. ಅವಳು ನಿಂಗೆ ಬಯ್ತಿಲ್ಲ, ಬಂಡೆಗೆ ಹೇಳ್ತಾವ್ಳೆ. ನೀನೂ ಒಸಿ ಜೋರಾಗಿ ಬಯ್ದು ಕಳ್ಸು. ಕಡಿಮೆ ಬಯ್ದ್ರೆ ಅವಳಿಗೆ ಸಮಾಧಾನ ಆಗಲ್ಲ."

"ಏನು ಅಂತ ಬಯ್ಲೋ?" ಇದು ದ್ಯಾವೀರಕ್ಕ, ಪಿಸುಮಾತು.

"ಹಿಟ್ಟಿನ ವಿಷಯ ಎತ್ತು. ಉರ್ಕೊಂಡ್ಬಿಡ್ತಾಳೆ."

ಶಾಲೆಯಲ್ಲೂ ಅವನೇ. ತಿಪ್ಪಣ್ಣನ ಹಿತ್ತಿಲಲ್ಲೂ ಅವನೇ. "ಮೊಳೆ ಇಲ್ಲ ಅಂದ್ರೆ ನನ್ ಹತ್ರ ಅವೆ, ಕೊಡ್ತೀನಿ, ಹೊಡೀತಾ ಇರಪ್ಪ ಗುಂಡಣ್ಣ" ಅಂತ ಬಡಗಿಯ ಹತ್ತಿರವೂ ಅವನೇ. ನಾನು ಮುಂದೆ ಬೆಂಕಿ ಹಚ್ಚಿಕೊಂಡು ಹೋಗಿದ್ದೇನೆ, ಇವನು ಹಿಂದೆ ಚೊಂಬು ಹಿಡಿದು ಎಣ್ಣೆ ಸುರಿದುಕೊಂಡು ಬಂದಿದ್ದಾನೆ. ಪೂರ್ತಿ ಊರು ನನ್ನನ್ನು ಬೈದದ್ದು ಅವನ ಮಾತಿನ ಮೇಲೆ!

ಏನಯ್ಯಾ ಅಂತ ಕೂಗಲು ತಿರುಗಿದೆ. ಓಬಳಪ್ಪ ಕಂಬಕ್ಕೆ ಒರಗಿದ್ದ. ಬಾಯಿ ಅರ್ಧ ತೆರೆದಿತ್ತು. ಕೈ ಎರಡೂ ಮಡಿಲಲ್ಲಿ, ಒಂದೂ ಕಿವಿಯ ಹತ್ತಿರ ಇರಲಿಲ್ಲ. ಇಡೀ ಊರಿನ ಜಗಳ ತಲೆಯ ಮೇಲೆ ಸುರಿಯುತ್ತಿದ್ದರೆ ಈ ಮನುಷ್ಯ ಬೂದು ಬಟ್ಟಲಿನೊಳಗೆ ನಿದ್ದೆ ಹೋಗಿದ್ದ.

ವಾಪಸು ಮುಗಿಯಿತು. ಕರಿದನ್ನು ಕಿತ್ತಾಗ ರಬ್ಬರಿನ ತುದಿಯಲ್ಲಿ ಒಂದು ಚೂರು ಕೆಂಪು. ದಿನವಿಡೀ ಕೂಗಿ ಊರಿಗೆ ಸಾಕಾಗಿತ್ತು. ತಿಪ್ಪಣ್ಣ ಕಟ್ಟೆ ಹತ್ತಿ ಕೇಳಿದ.

"ಬೂದು" ಅಂದೆ. ಅಷ್ಟು ಸಣ್ಣ ಮಾತು ನನ್ನ ಗಂಟಲಿನಿಂದ ಅಷ್ಟು ಕಷ್ಟಪಟ್ಟು ಎಂದೂ ಬಂದಿರಲಿಲ್ಲ. "ಸೆಕೆ ಆಗುತ್ತೆ, ತುರುಬಿಗೆ ತಾಗುತ್ತೆ, ಸದ್ದು ಕಂಬಳಿ ಹೊದ್ದಂಗೆ. ಆದ್ರೂ ಬೂದು."

ಮೇಷ್ಟ್ರು ಕರಿದನ್ನು ಕಿತ್ತು ಅಂಗೈಯಲ್ಲಿ ಇಟ್ಟುಕೊಂಡು ನೋಡಿದರು. "ಇವತ್ತು ನನ್ನ ಶಿಷ್ಯೆಯ ಒಂದು ನಿಷಾದ ಸ್ವರ ಕೇಳಿಸಿತು" ಅಂದರು. "ಅಷ್ಟು ಜಗಳದ ನಡುವೆ, ಅಷ್ಟು ಶುದ್ಧವಾಗಿ. ಅದಕ್ಕೋಸ್ಕರ ನಾನು ಈ ನೋವು ದಿನಾ ತಡೀತೀನಿ ಸಿದ್ದಮ್ಮ. ನನಗೇನೂ ಕಷ್ಟ ಇಲ್ಲ."

ಇವರು ಕರಿದು ಅಂದರೆ ಹಳೆಯದೇ ಉಳಿಯುತ್ತದೆ. ಓಬಳಪ್ಪ ನಾಳೆ ಮತ್ತೆ ಜಗಲಿಯ ಮೂಲೆಗೆ ಹೋಗುತ್ತಾನೆ. ಬೈಯಲು ಬಾಯಿ ತೆರೆದೆ, ಗಂಟಲು ಪೂರ್ತಿ ಕಟ್ಟಿಹೋಗಿತ್ತು, ದನಿಯೇ ಬರಲಿಲ್ಲ. ಆಗ ಹಿಂದಿನಿಂದ ಗೊರಕೆ ಕೇಳಿತು. ನನಗೂ ಕೇಳುವಷ್ಟು ಜೋರು. ವಾಪಸು ಮುಗಿದದ್ದು ಅವನಿಗೆ ಗೊತ್ತೇ ಆಗಿರಲಿಲ್ಲ.

ಮೇಷ್ಟ್ರು ತಿರುಗಿ ನೋಡಿದರು. ಎದ್ದು ಹೋಗಿ ಅವನ ಮುಂದೆ ಬಗ್ಗಿ, ಬಟ್ಟಲಿನ ಅಂಚು, ಕಿವಿಯ ಹಿಂಭಾಗ, ಮಡಿಲಲ್ಲಿದ್ದ ಕೈ, ಎಲ್ಲ ನೋಡಿದರು. ಹಲ್ಲುನೋವಿನ ಮುಖ ಮಾಡಿದರು. ಗೊರಕೆಯಲ್ಲೂ ಅಪಸ್ವರ ಇತ್ತೇನೋ.

"ಇದರಲ್ಲಿ ಸ್ವರ ಒಂದು ಚೂರೂ ನಿಲ್ಲಲ್ಲ" ಅಂತ ಬೂದನ್ನು ಬೆರಳಿನಿಂದ ತಟ್ಟಿ ಹೇಳಿದರು. "ಆದರೆ ವಾಪಸಿನಲ್ಲಿ ಮಲಗಿದ ಮನುಷ್ಯನನ್ನು ನಾನು ಇವತ್ತೇ ನೋಡಿದ್ದು. ಬೂದು ಅಂತಲೇ ಇಟ್ಕೊಳ್ಳಿ ತಿಪ್ಪಣ್ಣ." ಆಮೇಲೆ ಕರಿದನ್ನು ಪಂಚೆಯ ಅಂಚಿನಿಂದ ಒರೆಸಿದರು, ಮತ್ತೊಮ್ಮೆ ಒರೆಸಿದರು, ದಾದಾಪೀರನ ಟವೆಲಿನ ಮೇಲೆ ಇಟ್ಟರು. ಒಬ್ಬರಿಗೆ ಮಾತ್ರ ಅಂತ ಇಟ್ಟುಕೊಳ್ಳುವ ಹಾಗಿಲ್ಲ. ಅವರು ಕೇಳಲೂ ಇಲ್ಲ.

ಮನೆಗೆ ಹೋಗುವಾಗ ದಾರಿಯಲ್ಲಿ ಓಬಳಪ್ಪನನ್ನು ತಡೆದು, ಉಳಿದ ಪಿಸುದನಿಯಲ್ಲೇ ಅವನ ಎಡಗಿವಿಗೆ ಹೇಳಿದೆ: "ಎಲ್ಲಾ ಕೇಳಿಸ್ತು. ಹಿಟ್ಟಿನ ವಿಷಯ ಎತ್ತು ಅಂದಿದ್ದೂ ಕೇಳಿಸ್ತು." ಅವನು ಚೊಂಬಿನೊಳಗೆ ನೋಡಿದ. "ಬೂದು ಬಂದ ಮೇಲೆ ಕೇಳಿಸಲ್ಲ. ಇನ್ಮೇಲೆ ಏನಾದ್ರೂ ಹೇಳೋದಿದ್ರೆ ಬಾಯಿಬಿಟ್ಟು ಜೋರಾಗಿ ಹೇಳು. ಜೀವಮಾನದಲ್ಲಿ ಒಂದು ಸಲನಾದ್ರೂ ಕೂಗು." ಅವನ ತುಟಿ ಆಡಿತು. ಏನಂದನೋ.

ಮುಂದಿನ ತಿಂಗಳು ಬೂದು ಬಂತು. ಊರಿಗೆಲ್ಲ ಹಂಚಿದ ಮೊದಲ ಸಂಜೆ ಹೆಂಗಸರೆಲ್ಲ ತುರುಬು ಇಳಿಸಿಕೊಂಡು, ಗಂಡಸರೆಲ್ಲ ರುಮಾಲು ಬಿಚ್ಚಿಕೊಂಡು, ಗುರುತೇ ಸಿಗದ ಹಾಗೆ ಜಗಲಿಗಳ ಮೇಲೆ ಕೂತೆವು. ದ್ಯಾವೀರಕ್ಕ ಪಕ್ಕದ ಜಗಲಿಯಿಂದ ನನ್ನ ತಲೆ ನೋಡಿ, ಎಮ್ಮೆಯ ಕೊಂಬಿನ ತುದಿಗೆ ಹಿತ್ತಾಳೆ ಕೊಂಬಣಸು ಹಾಕಿದ ಹಾಗಿದೆ ಅಂತ ಸನ್ನೆ ಮಾಡಿದಳು. ಓಬಳಪ್ಪ ಮೂಲೆಗೆ ಹೋಗದೆ ನನ್ನ ಪಕ್ಕದಲ್ಲೇ ಕೂತ. ವಾಪಸು ಬಂತು, ಮೆತ್ತಗೆ, ಮಸುಕಾಗಿ. ಸೊಪ್ಪಿನವಳು, ಮಗ್ಗಿ, ನಲ್ಲಿ, ಗಿರಣಿ, ನಾನು. ಎಲ್ಲ ಕಂಬಳಿಯ ಆಚೆ. ನನ್ನ ಕೂಗಿನ ಅಡಿಯಲ್ಲಿ ಕಿವಿಗೊಟ್ಟೆ. ಏನೂ ಇರಲಿಲ್ಲ. ಇರುವುದಿಲ್ಲ ಅಂತ ಗೊತ್ತಿದ್ದೂ ಕಿವಿಗೊಟ್ಟೆ.

ಇನ್ನೇನು ಮುಗಿಯಬೇಕು ಅನ್ನುವಾಗ, ಎಲ್ಲದರ ಮೇಲೆ, ಕೂಗಿ ಅಭ್ಯಾಸವಿಲ್ಲದ ಗಂಟಲಿನ ಒಂದು ಒರಟು ದನಿ ಎದ್ದಿತು. ಸೇತುವೆಯ ಈಚೆ ಯಾವುದೋ ತೋಟದ ಪಂಪಿನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕ್ಲಚ್ಚು ಬಿಟ್ಟ ಲಾರಿಯ ಹಾಗೆ ಕೂಗಿದ್ದಿರಬೇಕು.

"ಸಿದ್ದೀ! ಊಟ ಮಾಡೇ!"

ಬೀದಿಯ ಅಷ್ಟೂ ಜಗಲಿಗಳು ನಮ್ಮ ಕಡೆ ತಿರುಗಿದವು. ಮೇಷ್ಟ್ರು ಅವರ ಜಗಲಿಯಿಂದ ಹಲ್ಲುನೋವಿನ ಮುಖ ಮಾಡಿದರು. ಓಬಳಪ್ಪ ಬೆರಳಿನ ಗ್ರೀಸನ್ನು ಬಹಳ ಶ್ರದ್ಧೆಯಿಂದ ಒರೆಸಿಕೊಳ್ಳುತ್ತಿದ್ದ, ಕತ್ತಿನವರೆಗೂ ಕೆಂಪಾಗಿದ್ದ.

"ಉಂಡೆ" ಅಂತ ನಾನು ಮೆಲ್ಲಗೆ ಅಂದೆ. ಸುಳ್ಳು, ಬೆಳಗ್ಗಿನಿಂದ ಬರೀ ಕಾಫಿ. ಪರವಾಗಿಲ್ಲ. ಬೂದು ಬಣ್ಣದ್ದರಲ್ಲಿ ನಾಳೆ ಅದು ಯಾರಿಗೂ ಕೇಳುವುದಿಲ್ಲ.